ಬನವಾಸಿ ಎಂದರೆ ವನವಾಸವೇ?

ಬನವಾಸಿ
ಸೋಮವಾರ, 24-11-1958

ಮಗಳಂಥ ಸೊಸೆ ಕಲ್ಲವ್ವನಿಗೆ ಅತ್ತೆ ಪಾರ್ವತವ್ವನ ತುಂಬು ಮನಸ್ಸಿನ ಆಶೀರ್ವಾದ.

ಇಲ್ಲಿ ಎಲ್ಲರೂ ಆರಾಮ, ಎಮ್ಮೆಯೊಂದನ್ನು ಬಿಟ್ಟು. ನೀನು ಹೋದಾಗಿನಿಂದ ಅದು ನನ್ನನ್ನು ಕಂಡರೆ ಮುನಿದ ಬೀಗಿತ್ತಿಯ ಹಾಗೆ ಮುಖ ತಿರುಗಿಸುತ್ತದೆ.

ನಿನ್ನ ಕಾಗದ ಬಂತು. ಬರೆದದ್ದು ಎರಡೇ ಸಾಲು. "ಅತ್ತಿ, ಬನವಾಸಿ ಅಂದ್ರ ವನವಾಸ ಅಂತಾನ ನಮ್ಮಪ್ಪ. ಖರೇ ಏನು?" ಮೈ ಹೇಗಿದೆ ಎಂದು ಬರೆದಿಲ್ಲ, ಯಾವಾಗ ಬರುತ್ತೀ ಎಂದೂ ಇಲ್ಲ. ಇರಲಿ, ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ.

ನಿಮ್ಮಪ್ಪ ಮಡಿವಾಳಪ್ಪ ನನ್ನ ಬೆನ್ನಿಗೆ ಬಿದ್ದ ತಮ್ಮ. ಅವನ ಮಾತು ನನಗೆ ಹೊಸದಲ್ಲ. ಶ್ರಾವಣದಲ್ಲಿ ನಿನಗೆ ಎರಡನೆಯ ಸಲ ಚಳಿಜ್ವರ ಬಂದಾಗ ಹಾನಗಲ್ಲಿನಿಂದ ಚಕ್ಕಡಿ ಹೂಡಿಕೊಂಡು ಬಂದವನು ಕಾಲು ತೊಳೆಯಲಿಲ್ಲ, ಕೂಡಲಿಲ್ಲ. "ಅಕ್ಕನ್ನ ಈ ಊರಿಗೆ ಕೊಟ್ಟದ್ದ ಸಾಕಾತು. ಮಗಳ್ನೂ ವನವಾಸಕ್ಕ ಇಡೂದಿಲ್ಲ," ಎಂದ. ನೀನು ಎರಡು ಕಂಬಳಿಯೊಳಗೆ ನಡುಗುತ್ತಿದ್ದೆ. ನಿನ್ನ ಗಂಡ ಶಿವಪುತ್ರನೇ ನಿನ್ನನ್ನು ಎತ್ತಿ ಚಕ್ಕಡಿಯಲ್ಲಿ ಮಲಗಿಸಿದ, ನಾನು ಇನ್ನೊಂದು ಕಂಬಳಿ ಹೊದಿಸಿದೆ. ಗುಣವಾದ ಮೇಲೆ ದೀಪಾವಳಿಗೆ ಕಳಿಸಿಯಾನು ಎಂದುಕೊಂಡಿದ್ದೆವು. ಕಳಿಸಲಿಲ್ಲ.

ಶಾಲೆಯ ಕಟ್ಟೆ ಹತ್ತದ ನಾನು ಅಕ್ಷರ ಕೂಡಿಸಲು ಕಲಿತದ್ದು ನಿಮ್ಮ ಮಾವ ಸಂತೆಯಿಂದ ತರುತ್ತಿದ್ದ ಬೆಲ್ಲ, ಮೆಣಸಿನ ಪೊಟ್ಟಣ ಬಿಚ್ಚಿ. ಊರಿನ ಹೆಸರಿನ ಅರ್ಥ ಯಾವ ಪೊಟ್ಟಣದಲ್ಲೂ ಬಂದಿರಲಿಲ್ಲ. ಅದಕ್ಕೇ ರಘುಪತಿ ಮಾಸ್ತರರ ಮನೆಗೆ ಹೋದೆ. "ಎಂತ ಪಾರ್ವತವ್ವ, ಈ ವಯಸ್ಸಲ್ಲಿ ಪರೀಕ್ಷೆಗೆ ಕೂರುದಾ?" ಎಂದು ನಕ್ಕರು. ಆಮೇಲೆ ಚಾಪೆ ಹಾಸಿ ನಿಧಾನವಾಗಿ ಹೇಳಿದರು. ಹಿಂದಿನವರು ಈ ಊರನ್ನು ವೈಜಯಂತಿ, ಜಯಂತೀಪುರ ಎಂದೆಲ್ಲ ಕರೆದಿದ್ದಾರೆ. ವೈಜಯಂತಿ ಎಂದರೆ ಗೆದ್ದವರು ಏರಿಸುವ ಬಾವುಟ. ಬನವಾಸಿ ಎನ್ನುವುದನ್ನು ಬಿಡಿಸಿದರೆ ಬನದಲ್ಲಿ ವಾಸ ಮಾಡುವವರು. ಇನ್ನು ಕೆಲವರು ಅದು 'ಬಸಿ' ಎನ್ನುತ್ತಾರಂತೆ: ಕಾಡಿನ ನಡುವೆ ಒಸರುವ ನೀರು. ನಾವು ಅನ್ನ ಬಸಿಯುತ್ತೇವಲ್ಲ, ಅದೇ ಬಸಿ.

"ಹಂಗಾರ ಯಾವುದು ಖರೇರಿ ಮಾಸ್ತರ?" ಎಂದೆ.

"ಊರು ಬಾಳ ಹಳೇದು, ಪಾರ್ವತವ್ವ. ಹೆಸರಿಟ್ಟವ್ರ ಹತ್ರ ಕೇಳಣ ಅಂದ್ರೆ ಯಾರೂ ಇಲ್ಲೆ. ನಿಮಗೆ ಬೇಕಾದ್ದು ಇಟ್ಕಳಿ," ಎಂದರು.

ಬಾವುಟ ಇಟ್ಟುಕೊಳ್ಳೋಣವೆಂದರೆ ನಮ್ಮ ಎರಡು ಮನೆಗಳಲ್ಲಿ ಸದ್ಯ ಗೆದ್ದವರು ಯಾರೂ ಇಲ್ಲ. ಒಸರುವ ನೀರು ಚಂದವೇ. ಆದರೆ ಸೊಳ್ಳೆ ಹುಟ್ಟುವುದೂ ಅದರಲ್ಲೇ. ಭಿಕ್ಷೆಗೆ ಬಂದ ಸಂಗಯ್ಯನವರ ಮುಂದೆ ಇದನ್ನೆಲ್ಲ ಹೇಳಿದೆ. "ಯವ್ವಾ, ಬಯಲಸೀಮಿಗಿಂತ ಬನಾನ ವಾಸಿ ಅಂತ ಅರ್ಥ ಬರದು ಕಳಸು," ಎಂದರು. "ಮದಲ ಜ್ವರಾ ವಾಸಿ ಆಗ್ಲಿರಿ ಅಯ್ಯಾರ," ಎಂದೆ. ಜೋಳಿಗೆ ಕುಣಿಯುವಂತೆ ನಕ್ಕರು.

ಜ್ವರದ ಸಂಗತಿ ನಿನ್ನಿಂದ ಮುಚ್ಚಿಡುವುದಿಲ್ಲ. ಡಿಡಿಟಿ ಹೊಡೆಯುವವರು ಬಂದು ನಡುಮನೆ, ಕೊಟ್ಟಿಗೆ ಎಲ್ಲ ಬೆಳ್ಳಗೆ ಮಾಡಿ ಹೋಗಿದ್ದಾರೆ. ದೇವರ ಜಗಲಿ ಬಿಡೋಣವೇ ಎಂದು ಕೇಳಿದರು. ನಾನೇ ಪಟಗಳನ್ನು ಎತ್ತಿ ಜಾಗ ಮಾಡಿಕೊಟ್ಟೆ. ಈ ಸಲ ನಮ್ಮ ಓಣಿಯಲ್ಲಿ ಹಾಸಿಗೆ ಹಿಡಿದವರು ಕಡಿಮೆ. ದಾಸನಕೊಪ್ಪದವರೂ ಹಾಗೇ ಹೇಳುತ್ತಾರೆ. ಆದರೂ ಜ್ವರ ಇನ್ನು ಬರುವುದೇ ಇಲ್ಲವೆಂದು ಆಣೆ ಮಾಡಲಾರೆ. ಆಣೆ ಮಾಡುವುದು ನನ್ನ ನಾಲಿಗೆ, ನಡುಗುವುದು ನಿನ್ನ ಮೈ.

ಇನ್ನು ನನಗೆ ತೋಚಿದ್ದು. ನಿಮ್ಮಪ್ಪನ ಅರ್ಥವನ್ನೇ ಹಿಡಿಯೋಣ, ವನವಾಸವೇ ಅನ್ನೋಣ. ವನವಾಸಕ್ಕೆ ಹೋಗು ಎಂದದ್ದು ರಾಮನಿಗೆ, ಸೀತೆಗಲ್ಲ. ಗಂಡನೇ ಬೇಡವೆಂದ. ಅವಳು ತಾನಾಗಿ ಹೊರಟಳು. ನನ್ನನ್ನು ಸಣ್ಣವಳಿದ್ದಾಗಲೇ ಚಕ್ಕಡಿ ಹತ್ತಿಸಿ ಈ ಊರಿಗೆ ಕಳಿಸಿದರು. ಹೋಗುತ್ತೀಯಾ ಎಂದು ಕೇಳಿದವರಿಲ್ಲ. ಹೊಳೆ ದಾಟುವವರೆಗೂ ಅಳುತ್ತಲೇ ಇದ್ದೆ. ಹೋದ ವರ್ಷ ನಿನ್ನನ್ನು ಮನೆ ತುಂಬಿಸಿಕೊಳ್ಳುವಾಗ ನಾವು ಕೇಳಲಿಲ್ಲ, ಒಯ್ಯುವಾಗ ನಿಮ್ಮಪ್ಪನೂ ಕೇಳಲಿಲ್ಲ. ಯಾರೋ ಕಳಿಸಿದ್ದಕ್ಕೆ ಬಂದರೆ ಇದು ವನವಾಸ. ಮನಸ್ಸಿದ್ದು ಬಂದರೆ ಬನವಾಸಿ. ಇದನ್ನು ಮಾಸ್ತರರು ಒಪ್ಪುತ್ತಾರೋ ಇಲ್ಲವೋ, ಬೇಕಾದ್ದು ಇಟ್ಟುಕೋ ಎಂದವರು ಅವರೇ.

ಅದಕ್ಕೇ ಬಾ ಎಂದು ಬರೆಯುವುದಿಲ್ಲ. ಬರಬೇಡ ಎಂದು ಬರೆಯಲು ಕೈ ಏಳುವುದಿಲ್ಲ. ಇದನ್ನೆಲ್ಲ ನಿಮ್ಮಪ್ಪನಿಗೂ ಓದಿ ಹೇಳು. ಸಿಟ್ಟಿಗೆದ್ದರೆ, ಚಿಕ್ಕಂದಿನಲ್ಲಿ ಅವನ ಕಿವಿ ಹಿಂಡುತ್ತಿದ್ದ ಕೈ ಇನ್ನೂ ಗಟ್ಟಿಯಿದೆ ಎನ್ನು.

ಇಂತಿ, ನಿನ್ನ ಅತ್ತೆ,
ಪಾರ್ವತವ್ವ

ತಾ.ಕ.: ಈ ಕಾಗದ ಟಪಾಲಿನಲ್ಲಿ ಬಂದದ್ದಲ್ಲ, ನಿನಗೆ ಗೊತ್ತಾಗಿರುತ್ತದೆ. ತಂದವನು ಶಿವಪುತ್ರ. ನಿನ್ನನ್ನು ಕರೆದುಕೊಂಡು ಬಾ ಎಂದು ನಾನು ಅವನಿಗೆ ಹೇಳಿಲ್ಲ. ಅವನ ಧೋತರಗಳೆಲ್ಲ ಅವನ ಗಂಟಿನಲ್ಲೇ ಇವೆ, ನಾನೇ ಮಡಿಚಿ ಇಟ್ಟಿದ್ದೇನೆ. ನಿನಗೆ ಈ ಊರು ಬೇಡವೆನಿಸಿದರೆ ಅವನು ಅಲ್ಲೇ ಉಳಿದು ನಿಮ್ಮಪ್ಪನ ಹೊಲದಲ್ಲಿ ದುಡಿಯುತ್ತಾನೆ, ಒಪ್ಪಿಯೇ ಹೊರಟಿದ್ದಾನೆ. ಮನೆ ಅಳಿಯ ಎಂದು ನಗುವವರು ನಗಲಿ. ಇಲ್ಲಿಯ ಗದ್ದೆ ನಾನು ನೋಡಿಕೊಳ್ಳುತ್ತೇನೆ. ಇಬ್ಬರೂ ಕೂತು ಮಾತಾಡಿ ಯಾವ ಊರು ಎಂದು ಹೇಳಿ ಕಳಿಸಿ. ನಾಚಿಕೆಯವನು, ನೀನಾಗಿ ಕರೆಯದೆ ಹೊಸ್ತಿಲು ದಾಟುವುದಿಲ್ಲ. ಮೊದಲು ಒಳಗೆ ಕರೆ.