ಹಬ್ಬಕ್ಕೆಂದು ಎತ್ತಿಟ್ಟ ಬಾಟಲಿ

ಮೂರನೆಯ ಹೊಂಡದ ವರ್ಷ ನೂರ ಹನ್ನೊಂದು,
ಎರಡನೆಯ ಬೇಸಿಗೆಯ ಮೂವತ್ತೆಂಟನೆಯ ದಿನ.
ದುರ್ಗದ ಬಂಡೆಸಾಲು, ಮೇಲಿನಿಂದ ನಾಲ್ಕನೆಯ ಪಂಕ್ತಿ.

ದಾಕ್ಷಾಯಣಿ ಅಜ್ಜಿಯವರಿಗೆ, ನಿಮ್ಮ ಮರಿಮಗಳ ಮರಿಮಗಳಾದ ತಂಗಡಿ ಮಾಳವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಮಗೆ ಬೇಸಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ, ನಮ್ಮ ನೀರಿನ ಹೊಂಡ ಒಡೆದು ಹೊಸದಾಗಿ ಕಟ್ಟಿದಾಗಲೆಲ್ಲ ವರ್ಷದ ಎಣಿಕೆ ಒಂದರಿಂದ ಶುರುವಾಗುತ್ತದೆ. ನಿಮ್ಮಿಂದ ನಾನು ನೂರೈವತ್ತು ವರ್ಷಕ್ಕಿಂತ ಸ್ವಲ್ಪ ಹೆಚ್ಚು ದೂರದಲ್ಲಿದ್ದೇನೆ ಎಂದಷ್ಟೇ ಗೊತ್ತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕೈಬರಹದ ಒಂದೇ ಒಂದು ಪದ ನಮ್ಮ ಮನೆಯಲ್ಲಿ ಉಳಿದಿತ್ತು. ಅದರಿಂದ ನಿಮ್ಮ ಕನ್ನಡ ಹೇಗಿತ್ತೆಂದು ಊಹಿಸಿ ಬರೆಯುತ್ತಿದ್ದೇನೆ.

ಇದು ಹಿಂದೋಲೆ. ಮನೆಯಲ್ಲಿ ಯಾರಾದರೂ ಒಂದು ವಸ್ತುವಿನಿಂದ ತೀರಿಕೊಂಡರೆ, ಆ ವಸ್ತು ಮೊದಲು ಯಾರ ಕೈಯಿಂದ ಬಂತೋ ಅವರಿಗೆ ಕಾಗದ ಬರೆಯುವುದು ನಮ್ಮಲ್ಲಿ ಪದ್ಧತಿ. ಅವರು ಸತ್ತು ಎಷ್ಟು ಕಾಲವಾಗಿದ್ದರೂ ಸರಿ. ಬರೆದು, ಮಡಕೆಯಲ್ಲಿಟ್ಟು, ಜೊಂಡಿನ ಬುಡದಲ್ಲಿ ಹೂಳುತ್ತೇವೆ. ಬರೆಯದೆ ಮನೆಯವರು ಕೆಲಸಕ್ಕೆ ಮರಳುವಂತಿಲ್ಲ. ನಾನು ನಾಳೆ ಬೆಳಿಗ್ಗೆ ಕೆಲಸಕ್ಕೆ ಮರಳಬೇಕು, ಇಲ್ಲವಾದರೆ ಕುಂಚವನ್ನು ಪಂಕ್ತಿಯವರಿಗೆ ಒಪ್ಪಿಸಿ ಬೇರೆಯವರಿಗೆ ಬಿಟ್ಟುಕೊಡಬೇಕು. ನಮ್ಮ ಕೆಳಗಿನ ಹದಿನಾಲ್ಕು ಮನೆಯವರು ಇಪ್ಪತ್ತಮೂರು ದಿನದಿಂದ ನನ್ನ ನಿರ್ಧಾರಕ್ಕೆ ಕಾಯುತ್ತಿದ್ದಾರೆ. ತೀರಿಕೊಂಡವಳು ನಮ್ಮವ್ವ, ಈರವ್ವ. ನಾನು ಇನ್ನೂ ಅತ್ತಿಲ್ಲ. ಅಳು ಬರಲಿಲ್ಲ ಅಷ್ಟೆ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ.

ಕುಂಚದ ವಿಷಯ ನಿಮಗೆ ಅರ್ಥವಾಗಬೇಕಾದರೆ ಮೊದಲು ನಮ್ಮ ನೀರಿನ ವಿಷಯ ಹೇಳಬೇಕು. ಇಲ್ಲಿ ಮನೆಗಳು ಬಂಡೆಯ ಮೇಲಿಂದ ಕೆಳಗೆ ಏಳು ಪಂಕ್ತಿಯಾಗಿವೆ. ಮೇಲಿನ ಪಂಕ್ತಿ ಬಳಸಿದ ನೀರೇ ಕೆಳಗಿನ ಪಂಕ್ತಿಯ ಕುಡಿಯುವ ನೀರು. ಬಚ್ಚಲಿನದು, ಪಾತ್ರೆಯದು, ನೆಲ ಒರೆಸಿದ್ದು ಎಲ್ಲ ತಂಗುತೊಟ್ಟಿಯಲ್ಲಿ ಒಂಬತ್ತು ದಿನ ಸುಮ್ಮನೆ ನಿಲ್ಲುತ್ತದೆ. ಆಮೇಲೆ ಜೊಂಡಿನ ಮಡಿಯಲ್ಲಿ ಹಾದು ಸಾಕ್ಷಿಕೊಳಕ್ಕೆ ಇಳಿಯುತ್ತದೆ. ಆ ಕೊಳದಲ್ಲಿ ಬೆರಳುದ್ದದ ಮೀನುಗಳಿವೆ, ಅವನ್ನು ನಾವು ಸಾಕ್ಷಿ ಎನ್ನುತ್ತೇವೆ. ಸಾಕ್ಷಿಗಳು ಮೂರು ದಿನ ಚೆನ್ನಾಗಿ ಈಜಿಕೊಂಡಿದ್ದರೆ ಕೊಳ ಕಾಯುವ ಬೋರಜ್ಜ ಬಿರಡೆ ತೆಗೆಯುತ್ತಾನೆ, ನೀರು ಕೆಳಗಿನವರ ಮನೆಗೆ ಹೋಗುತ್ತದೆ. ನಮ್ಮ ಮಕ್ಕಳಿಗೆ ಮಾತು ಕಲಿಸುವ ಮೊದಲು ತಟ್ಟೆ ಉಜ್ಜುವುದನ್ನು ಕಲಿಸುತ್ತೇವೆ. ಯಾರು ಏನು ಹಾಕಿ ತೊಳೆದರು ಎನ್ನುವುದಕ್ಕಿಂತ ದೊಡ್ಡ ಜಗಳ ಈ ಬಂಡೆಯ ಮೇಲೆ ಇನ್ನೊಂದಿಲ್ಲ. ಮದುವೆ ಮಾತುಕತೆಯಲ್ಲೂ ಹುಡುಗನ ಮನೆಯವರು ಪಾತ್ರೆಗೆ ಏನು ಹಾಕುತ್ತಾರೆ ಎಂದೇ ಮೊದಲು ವಿಚಾರಿಸುವುದು.

ತೊಳೆಯಲು ಬಳಸುವುದೆಲ್ಲ ಗಿಡದಿಂದ, ಇಲ್ಲವೆ ಮಣ್ಣಿನಿಂದ ಬರಬೇಕು. ಎಣ್ಣೆಜಿಡ್ಡಿಗೆ ಅಂಟುವಾಳದ ರಸ, ಹಿತ್ತಾಳೆಗೆ ಹುಣಸೆ, ತಳ ಹಿಡಿದ ಪಾತ್ರೆಗೆ ಜಾಲಿಸಿದ ಬೂದಿ, ಉಜ್ಜಲು ಒಣಗಿದ ಹೀರೇಕಾಯಿಯ ನಾರು. ಅಂಟುವಾಳವೂ ಪೂರ್ತಿ ನಿರಪಾಯದ್ದೇನಲ್ಲ, ತೊಟ್ಟಿಯಲ್ಲಿ ತಂಗದೆ ಹೋದರೆ ಮೀನನ್ನು ಕೊಲ್ಲುತ್ತದೆ. ಅದಕ್ಕೇ ಒಂಬತ್ತು ದಿನ. ಪ್ರಾಣಿಯ ಮೈಯಿಂದ ತೆಗೆದದ್ದು ಏನೂ ಕೂಡದು, ಪ್ರಾಣಿಯ ಮೇಲೆ ಸುರಿದು ನೋಡುವುದೂ ಕೂಡದು. ನೊರೆಗಾಲದಲ್ಲಿ, ಅಂದರೆ ನಿಮ್ಮ ಕಾಲದಲ್ಲಿ, ಸೋಪಿಗೆ ದನದ ಕೊಬ್ಬು ಹಾಕುತ್ತಿದ್ದರು, ಹೊಸ ದ್ರಾವಣವನ್ನು ಮೊಲದ ಕಣ್ಣಿಗೆ ಬಿಟ್ಟು ನೋಡುತ್ತಿದ್ದರು ಎಂದರೆ ನಮ್ಮ ಮಕ್ಕಳು ನಗುತ್ತಾರೆ, ನಾವು ಬಿಡುತ್ತಿರುವುದು ಬರೀ ಬುರುಡೆ ಎಂದುಕೊಳ್ಳುತ್ತಾರೆ.

ನನ್ನ ಕೆಲಸ ಎಲೆ ಬರೆಯುವುದು. ಯಾರಾದರೂ ಹೊಸ ತೊಳೆರಸ ಮಾಡಿದರೆ, ಅದರಲ್ಲಿ ಒಂದು ಬಟ್ಟಲು ತೊಳೆದು, ಆ ನೀರನ್ನು ರಸ ಮಾಡಿದವರೇ ನಾಲ್ಕು ಜನರ ಎದುರು ಕುಡಿಯಬೇಕು. ಮೂರು ದಿನ ಅವರು ಸರಿಯಾಗಿದ್ದರೆ ನಾನು ಮಡಕೆಯ ಮೇಲೆ ಹಸಿರಿನಲ್ಲಿ ಒಂದು ಎಲೆ ಬರೆಯುತ್ತೇನೆ. ಎಲೆ ಎಂದರೆ ಆಣೆ. ಇದನ್ನು ಮಾಡಿದವರು ಇದನ್ನು ಕುಡಿದಿದ್ದಾರೆ ಎಂದು ಅರ್ಥ. ನೂರ ಹನ್ನೊಂದು ವರ್ಷದಲ್ಲಿ ಈ ಬಂಡೆಯ ಮೇಲೆ ಯಾರೂ ಸುಳ್ಳು ಎಲೆ ಬರೆದಿಲ್ಲ. ಎಲೆಯನ್ನು ಅಂದಕ್ಕೆಂದು ಬರೆಯಬಹುದು ಎಂಬ ಯೋಚನೆ ಕೂಡ ನಮಗೆ ಬಂದಿರಲಿಲ್ಲ. ದಯವಿಟ್ಟು ಇದನ್ನು ನೆನಪಿನಲ್ಲಿಡಿ ಅಜ್ಜಿ, ನಮ್ಮ ದಡ್ಡತನವೆಲ್ಲ ಇಲ್ಲಿದೆ.

ನಿಮ್ಮ ಬಾಟಲಿ ನಮ್ಮ ಟ್ರಂಕಿನಲ್ಲಿತ್ತು. ಐದು ತಲೆಮಾರು ಅದು ತಾಯಿಯಿಂದ ಮಗಳಿಗೆ ಬಂದಿದೆ, ನಿಮ್ಮದೊಂದು ಸೀರೆಯಲ್ಲಿ ಸುತ್ತಿಕೊಂಡು. ಸೀರೆ ಪುಡಿಯಾಯಿತು, ಬಾಟಲಿ ಹಾಗೇ ಉಳಿಯಿತು. ಮುಚ್ಚಳ ತೆಗೆದಿರಲಿಲ್ಲ. ಮೇಲೆ ನಮಗೆ ಓದಲು ಬಾರದ ಅಕ್ಷರಗಳು, ಒಂದು ಹಸಿರು ಎಲೆ, ಎಲೆಯ ಪಕ್ಕದಲ್ಲಿ ಕುಳಿತ ಒಂದು ಮೊಲ. ಕುತ್ತಿಗೆಗೆ ದಾರದಿಂದ ಕಟ್ಟಿದ ಚೀಟಿಯಲ್ಲಿ ನೀವು ಬರೆದ ಆ ಒಂದೇ ಪದ: "ಹಬ್ಬಕ್ಕೆ". ಅವ್ವ ವರ್ಷಕ್ಕೊಮ್ಮೆ ಅದನ್ನು ಹೊರಗೆ ತೆಗೆದು, ಒರೆಸಿ, ಚೀಟಿಯನ್ನು ನಮಗೆಲ್ಲ ತೋರಿಸಿ ಮತ್ತೆ ಒಳಗಿಡುತ್ತಿದ್ದಳು. ನಿಮ್ಮ ಕಾಲದಲ್ಲಿ ಎಲ್ಲರೂ ಕಣ್ಣುಮುಚ್ಚಿ ಸಿಕ್ಕಿದ್ದನ್ನು ಕೊಳ್ಳುತ್ತಿದ್ದಾಗ, ನಮ್ಮಜ್ಜಿ ಒಬ್ಬಳು ಮೀನಿಗೆ, ಮೊಲಕ್ಕೆ ನೋವಾಗದ್ದನ್ನು ಹುಡುಕಿ ತಂದಿದ್ದಳು ಎನ್ನುವುದು ಅವಳ ಜಂಬ. ಆ ಜಂಬ ನನಗೂ ಇತ್ತು.

ಈ ವರ್ಷ ನಮ್ಮ ಅಂಟುವಾಳದ ಮರ ಸರಿಯಾಗಿ ಹೂ ಬಿಡಲಿಲ್ಲ. ಸಾಕ್ಷಿ ಹಬ್ಬ ಬಂತು, ಆ ದಿನ ಇಡೀ ಮನೆ ತೊಳೆದು ಕೆಳಗಿನ ಪಂಕ್ತಿಯವರನ್ನು ಊಟಕ್ಕೆ ಕರೆಯಬೇಕು. ಮಡಕೆಯಲ್ಲಿ ರಸ ತಳ ಕಂಡಿತ್ತು. ಬರೀ ಬೂದಿಯಲ್ಲಿ ಸುಧಾರಿಸೋಣ ಎಂದು ನಾನು ಅಂದೆ. ಅವ್ವ ಟ್ರಂಕು ತೆಗೆದಳು. "ಹಬ್ಬಕ್ಕೆ ಅಂತ ಬರ್ದಾಳೆ ನಮ್ಮಜ್ಜಿ, ಇನ್ಯಾವ ಹಬ್ಬಕ್ಕೆ ಇಟ್ಕಂಬ್ಲಿ?" ಅಂದಳು. ನಾನು ಬಾಟಲಿ ತಿರುಗಿಸಿ ನೋಡಿದೆ. ಎಲೆ ಇತ್ತು. ಎಲೆ ಬರೆಯುವವಳು ನಾನು. ಎಲೆ ಇದ್ದ ಮೇಲೆ ಕೇಳುವುದೇನು ಎಂದು ಬಾಟಲಿಯನ್ನು ಅವಳ ಕೈಗೆ ಕೊಟ್ಟೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳು ನಾನು, ಕುಡಿದವರು ಯಾರು ಎಂದು ಆ ಹೊತ್ತು ಕೇಳಲಿಲ್ಲ.

ಮುಚ್ಚಳ ತೆಗೆದಾಗ ಅಟ್ಟದವರೆಗೂ ನಿಂಬೆಹಣ್ಣಿನ ವಾಸನೆ ಹರಡಿತು. ನಾನು ನಿಂಬೆಹಣ್ಣು ನೋಡಿದವಳಲ್ಲ. ನಿಂಬೆ ಎಂದು ಗುರುತಿಸಿದ್ದು ಅವ್ವ, ಚಿಕ್ಕವಳಿದ್ದಾಗ ಒಮ್ಮೆ ಮೂಸಿದ್ದಳಂತೆ. ಗೋಡೆಗೆ ಕೈ ಕೊಟ್ಟು ಸ್ವಲ್ಪ ಹೊತ್ತು ನಿಂತಳು, ಕಣ್ಣು ಒರೆಸಿಕೊಂಡಳು. ಇಬ್ಬರೂ ಸೇರಿ ನೆಲ ತೊಳೆದೆವು, ಪಾತ್ರೆ ತೊಳೆದೆವು. ನೊರೆ ಮೊಣಕೈವರೆಗೆ ಬಂತು, ನಾವು ಮಕ್ಕಳ ಹಾಗೆ ನಕ್ಕೆವು. ಹಬ್ಬದ ನೆನಪಿನಲ್ಲಿ ನನಗೆ ಚೆನ್ನಾಗಿ ಉಳಿದಿರುವುದು ಅದೊಂದೇ.

ನೀರು ತಂಗುತೊಟ್ಟಿಗೆ ಇಳಿದ ಕೂಡಲೇ ಬೋರಜ್ಜ ಬಂದು ಪದ್ಧತಿಯಂತೆ ಕೇಳಿದ: ಹೊಸ ರಸ, ಕುಡಿದವರು ಯಾರು? ಎಲೆ ಇದೆಯಲ್ಲ, ಎಂದೋ ಕುಡಿದಿರುತ್ತಾರೆ ಎಂದು ನಾನು ಹೇಳಿದೆ. ಅವನು ಮುದುಕ, ಹಟಮಾರಿ, ಕಣ್ಣಾರೆ ನೋಡದ ಎಲೆಗೆ ಮುಂದೆ ಕೊಳದ ಬಿರಡೆ ತೆಗೆಯುವುದಿಲ್ಲ ಎಂದ. ನನಗೆ ಸಿಟ್ಟು ಬಂತು. ಅವ್ವ ನಗುತ್ತಲೇ ಬಟ್ಟಲು ತೊಳೆದಳು. "ಮಾಡಿದೋರು ಇಲ್ಲಾಂದ್ರೆ ತಂದೋರ ಮೊಮ್ಮಗಳು ಅದೀನಲ್ಲ, ನಾನ್ ಕುಡೀತೀನಿ ಬಿಡಣ್ಣ" ಅಂದು ಒಂದೇ ಗುಟುಕಿಗೆ ಕುಡಿದಳು. ನಾನು ತಡೆಯಲಿಲ್ಲ. ಇದನ್ನು ಬೇರೆ ಯಾವ ರೀತಿಯಲ್ಲೂ ಬರೆಯಲು ಬರುವುದಿಲ್ಲ, ಮೂರು ಸಲ ಬರೆದು ನೋಡಿದೆ. ನಾನು ಪಕ್ಕದಲ್ಲೇ ಇದ್ದೆ, ತಡೆಯಲಿಲ್ಲ.

ಸಂಜೆಗೆ ಅವಳ ತುಟಿ ಜೋಮು ಹಿಡಿಯಿತು. ಊಟಕ್ಕೆ ಬಂದವರಿಗೆಲ್ಲ ತಾನೇ ಬಡಿಸಿದಳು, ತಾನು ಮಾತ್ರ ಉಪ್ಪು ಗೊತ್ತಾಗುತ್ತಿಲ್ಲ ಎಂದು ತಟ್ಟೆ ಬಿಟ್ಟಳು. ಮರುದಿನ ನೀರೂ ಇಳಿಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ತೀರಿಕೊಂಡಳು. ಅವಳಿಗೆ ಎಪ್ಪತ್ತೆರಡಾಗಿತ್ತು, ವಯಸ್ಸೂ ಸೇರಿರಬಹುದು. ನೂರೈವತ್ತು ವರ್ಷ ಕೊಳೆತದ್ದರಿಂದ ಬಾಟಲಿಯೊಳಗಿನದು ಬೇರೆ ಏನೋ ಆಗಿತ್ತೇನೋ. ನಿಮ್ಮ ಕಾಲದಲ್ಲಿ ಅದು ಇಷ್ಟು ಕೆಟ್ಟದ್ದಾಗಿರಲಿಕ್ಕಿಲ್ಲ ಎಂದು ಬೋರಜ್ಜ ಹೇಳುತ್ತಾನೆ. ಇರಬಹುದು. ನೀವು ತಿಳಿದು ಮಾಡಿದವರಲ್ಲ ಎನ್ನುವುದು ನನಗೂ ಗೊತ್ತು. ಆದರೂ ಮೊದಲ ವಾರ ನಿಮ್ಮನ್ನು ಬೈದೆ, ಸುಳ್ಳು ಹೇಳುವುದಿಲ್ಲ.

ತಂಗುತೊಟ್ಟಿಯಲ್ಲಿ ಆ ನೀರು ಇನ್ನೂ ನಿಂತಿದೆ. ಇವತ್ತಿಗೂ ಕೋಲು ಆಡಿಸಿದರೆ ನೊರೆ ಏಳುತ್ತದೆ. ಕೆಳಗೆ ಬಿಡುವಂತಿಲ್ಲ, ಚೆಲ್ಲಲು ಜಾಗವಿಲ್ಲ. ಅಂಟುವಾಳದ ನೊರೆ ಇಷ್ಟು ಹೊತ್ತಿಗೆ ಮಣ್ಣಿನಲ್ಲಿ ಮಣ್ಣಾಗಿರುತ್ತಿತ್ತು. ಕೆಳಗಿನ ಹದಿನಾಲ್ಕು ಮನೆಯ ಹೆಂಗಸರು ಪಕ್ಕದ ಸಾಲಿನಿಂದ ಕೊಡ ಹೊತ್ತು ತರುತ್ತಾರೆ, ನಮ್ಮ ಬಾಗಿಲ ಮುಂದೆ ಹಾದು ಹೋಗುವಾಗ ಯಾರೂ ಏನೂ ಅನ್ನುವುದಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅವರಿಗಾಗಿ ಪಂಕ್ತಿಯವರು ಪಕ್ಕದಲ್ಲೇ ಹೊಸ ತೊಟ್ಟಿ ತೋಡಿದ್ದಾರೆ, ಹೊಸ ಅಂಟುವಾಳದ ರಸ ಕುದಿಸಿಟ್ಟಿದ್ದಾರೆ. ಮಾಡಿದವಳು ಕುಡಿದು ಇವತ್ತಿಗೆ ಮೂರು ದಿನ, ಚೆನ್ನಾಗಿದ್ದಾಳೆ. ನಾಳೆ ನಾನು ಎಲೆ ಬರೆದರೆ ನೀರು ಮತ್ತೆ ಹರಿಯುತ್ತದೆ. ಕುಂಚ ಎದುರಿಗಿದೆ. ಕೈ ನನ್ನದಲ್ಲ ಎನ್ನುವ ಹಾಗೆ ಬಿದ್ದುಕೊಂಡಿದೆ.

ನಿನ್ನೆ ಬೋರಜ್ಜ ನನ್ನನ್ನು ಸಾಕ್ಷಿಕೊಳದ ಹತ್ತಿರ ಕರೆದುಕೊಂಡು ಹೋದ. ಮೀನುಗಳು ಎಂದಿನಂತೆ ಓಡಾಡುತ್ತಿದ್ದವು. "ಆ ನೀರು ಇಳಿದಿದ್ರೆ ಇವೆಲ್ಲ ಸಾಯ್ತಿದ್ವು, ಇವಾದ ಮ್ಯಾಲೆ ಕೆಳಗಿನ ಕೂಸುಗಳು" ಅಂದ. "ಈ ಸಲ ನಿಮ್ಮವ್ವನೇ ಸಾಕ್ಷಿ ಹೇಳಿದ್ಲು ಕಣವ್ವ." ನಾನು ತಲೆಯಾಡಿಸಿದೆ. ಏನೂ ಅನ್ನಿಸಲಿಲ್ಲ. ಮನೆಗೆ ಬಂದು ಅವಳ ತಟ್ಟೆ ತೊಳೆದೆ, ಅದು ತೊಳೆದೇ ಇತ್ತು.

ಅಜ್ಜಿ, ನೀವು ಅಂಗಡಿಯಲ್ಲಿ ನಿಂತಿರುವುದು ನನಗೆ ಕಾಣಿಸುತ್ತದೆ. ಎದುರಿಗೆ ಸಾಲುಸಾಲು ಬಾಟಲಿ. ಮನೆಯಲ್ಲಿ ನಿಮ್ಮನ್ನು ಗೇಲಿ ಮಾಡಿರುತ್ತಾರೆ, ಫಿನಾಯಿಲು ಸಾಲದೇನು, ಇದೆಲ್ಲ ಶೋಕಿ ಎಂದಿರುತ್ತಾರೆ. ಆದರೂ ನೀವು ಕೈ ಚಾಚಿದ್ದು ಎಲೆಯ ಕಡೆಗೆ. ಅದು ಒಳ್ಳೆಯ ಮನಸ್ಸು, ಅದನ್ನು ಬಿಡಬೇಡಿ. ಮನೆಗೆ ತಂದ ಮೇಲೆ ಇಷ್ಟು ಒಳ್ಳೆಯದನ್ನು ದಿನನಿತ್ಯಕ್ಕೆ ಬಳಸಲು ಮನಸ್ಸು ಬಾರದೆ, ಹೊಸ ಸೀರೆ ಎತ್ತಿಡುವಂತೆ ಎತ್ತಿಟ್ಟಿರಿ. ನಾವೂ ಹಾಗೇ ಮಾಡುತ್ತೇವೆ. ನಿಮ್ಮಿಂದ ನಮಗೆ ಬಂದದ್ದು ಬಾಟಲಿ ಮಾತ್ರವಲ್ಲ, ಈ ಅಭ್ಯಾಸವೂ ಬಂದಿದೆ.

ನಾಳೆ ನಾನು ಕೆಲಸಕ್ಕೆ ಹೋಗುತ್ತೇನೆ. ಇದನ್ನು ಬರೆಯಲು ಕೂತಾಗ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ. ಆದರೆ ಎಲೆ ಬರೆಯುವುದಿಲ್ಲ. ಮಡಕೆಯ ಮೇಲೆ ಅಕ್ಷರದಲ್ಲಿ ಬರೆಯುತ್ತೇನೆ: ಒಳಗೆ ಏನೇನಿದೆ, ಯಾವತ್ತು ಕುದಿಸಿದ್ದು, ಯಾವತ್ತಿನ ತನಕ ಬಳಸಬಹುದು, ಕುಡಿದವರ ಹೆಸರೇನು. ಜಾಗ ಸಾಲದಿದ್ದರೆ ದೊಡ್ಡ ಮಡಕೆ ಮಾಡಿಸಲಿ. ಓದಲು ಬಾರದವರು ಬಂದು ಕೇಳಲಿ. ಕೇಳುವುದು ತಪ್ಪಬಾರದು. ಪಂಕ್ತಿಯವರು ಒಪ್ಪದಿದ್ದರೆ ಕುಂಚ ಅಲ್ಲೇ ಇಟ್ಟು ಬರುತ್ತೇನೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಆ ಬಾಟಲಿಯನ್ನು ಕೈಯಲ್ಲಿ ಹಿಡಿದು, ಅಂಗಡಿಯವನು ಬೇಜಾರು ಮಾಡಿಕೊಂಡರೂ ಚಿಂತೆಯಿಲ್ಲ, ಕೇಳಿ: ಇದರೊಳಗೆ ಏನೇನಿದೆ? ಇದರಲ್ಲಿ ತೊಳೆದ ಬಟ್ಟಲಿನ ನೀರನ್ನು ಮಾಡಿದವರು ಕುಡಿಯುತ್ತಾರೆಯೇ? ಅವನಿಗೆ ಗೊತ್ತಿಲ್ಲದಿದ್ದರೆ ಅಲ್ಲೇ ಇಟ್ಟು, ದಿನಸಿ ಅಂಗಡಿಗೆ ಹೋಗಿ ಒಂದು ಸೇರು ಅಂಟುವಾಳ ಕೊಳ್ಳಿ. ನಮಗೆ ಏನಾದರೂ ಎತ್ತಿಡಲೇಬೇಕು ಅನ್ನಿಸಿದರೆ ಅದರ ಬೀಜ ಎತ್ತಿಡಿ, ಒಂದು ಹಿಡಿ ಸಾಕು.

ಇಲ್ಲ, ಕೊಂಡೇ ಬಿಟ್ಟಿದ್ದೀರಿ, ಮನೆಯಲ್ಲಿದೆ, ಚೀಟಿ ಬರೆಯಲು ಪೆನ್ನು ತೆಗೆದಿದ್ದೀರಿ ಎನ್ನುವುದಾದರೆ, ಬೇರೆ ಪದ ಬರೆಯಿರಿ. "ಗೊತ್ತಿಲ್ಲ" ಎಂದು ಬರೆಯಿರಿ. ನಮ್ಮವ್ವ ನೀವು ಬರೆದದ್ದನ್ನು ನಂಬುತ್ತಾಳೆ.

ನಿಮ್ಮ ಮೊಮ್ಮಗಳು,
ತಂಗಡಿ ಮಾಳವ್ವ