ಸುಮಾ ಅವರ ಚೆಕಪ್

ಫೆಬ್ರವರಿ 10, ಸೋಮವಾರ

ಮತ್ತೆ ಫೋನ್ ಸೀಸನ್. ನಮ್ಮ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಗುಣವಾದವರಿಗೆಲ್ಲ ವರ್ಷಕ್ಕೊಂದು ಕರೆ — ಹೇಗಿದ್ದೀರಿ, ತೂಕ ಇಳಿದಿದೆಯಾ, ಹೊಸ ಗಂಟೇನಾದರೂ ಇದೆಯಾ. ಅರ್ಧ ಜನ ನನ್ನನ್ನು ಲೋನ್ ಕಂಪನಿಯವಳು ಅಂದುಕೊಂಡು ಬೈದು ಇಡುತ್ತಾರೆ. ಗಂಟಲು ಬಿದ್ದುಹೋಗಿದೆ. ಈ ಸ್ಟಡಿ ನಡೆಸುವ ಕಶ್ಯಪ್ ಮಾತ್ರ ಎ.ಸಿ. ರೂಮಿನಲ್ಲಿ ಕೂತು ಗ್ರಾಫ್ ಬಿಡಿಸುತ್ತಾನೆ, ಮಹಾನುಭಾವ.

ನಾಳೆ ಬಾಪೂಜಿ ನಗರದ ಸುಮಾ. ಸ್ತನ ಕ್ಯಾನ್ಸರ್, ಟ್ರೀಟ್‌ಮೆಂಟ್ ಮುಗಿದು ನಾಲ್ಕು ವರ್ಷ. ಮುಖ ನೋಡಿಲ್ಲ, ಧ್ವನಿ ಮಾತ್ರ ಗೊತ್ತು. ಪ್ರತಿ ಸಲ ಊಟ ಆಯ್ತಾ ಅಂತ ನನ್ನನ್ನೇ ಕೇಳುತ್ತಾರೆ.

ಫೆ. 11

"ಹಲೋ, ಸುಮಾ ಅವರಾ?"

"ನಾನೇ ಮೇಡಂ. ಈ ವಾರ ಮಾಡ್ತೀರಾ ಅಂತ ಕಾಯ್ತಾ ಇದ್ದೆ."

ಎಲ್ಲ ಪ್ರಶ್ನೆಗೂ ಚೆನ್ನಾಗಿದೀನಿ, ಚೆನ್ನಾಗಿದೀನಿ. ಗಂಟಿನ ಪ್ರಶ್ನೆ ಕೇಳಿದೆ. ಹಿಂದೆ ಕುಕ್ಕರ್ ಕೂಗಿತು.

"ಒಂದಿದೆ ಮೇಡಂ. ನೋವಿಲ್ಲ. ಸಂಕ್ರಾಂತಿಯಿಂದ ಇದೆ."

ಮತ್ತೆ ಬಂತಾ... ತಕ್ಷಣ ಆಸ್ಪತ್ರೆಗೆ ಬನ್ನಿ ಅಂದೆ. ನೋಡೋಣ ಅಂತ ಇಟ್ಟುಬಿಟ್ಟರು.

ಫೆ. 14

ಬರಲಿಲ್ಲ. ಫೋನೂ ಎತ್ತುತ್ತಿಲ್ಲ. ಮನೆಯವರ ತಿಂಡಿ, ಊಟ, ಪಾತ್ರೆ ಎಲ್ಲ ಮುಗಿದಮೇಲೆ ತಮ್ಮ ಜೀವ! ಸಿಟ್ಟು ನೆತ್ತಿಗೇರಿದೆ. ನಾಳೆ ನಾನೇ ಹೋಗುತ್ತೇನೆ.

ಫೆ. 15, ಸಂಜೆ

ಬಾಪೂಜಿ ನಗರದಿಂದ ಈಗಷ್ಟೇ ಬಂದೆ.

ಬಾಗಿಲು ತೆಗೆದದ್ದು ಅರವತ್ತು ದಾಟಿದ ಹೆಂಗಸು. ಎದುರು ಗೋಡೆಯಲ್ಲಿ ಫೋಟೋ. ಹಸಿರು ಸೀರೆ, ಹಾರ, ಸಣ್ಣ ಬಲ್ಬು. ಕೆಳಗೆ ಸುಮಾ ಅಂತ ಹೆಸರು, ತಾರೀಖು. ತೀರಿಕೊಂಡು ಮೂರು ವರ್ಷ.

"ಬನ್ನಿ ಮೇಡಂ. ಊಟ ಆಯ್ತಾ?"

ಅದೇ ಧ್ವನಿ. ಇಷ್ಟು ದಿನ ನಾನು ಮಾತಾಡಿಸಿದ್ದು ಸುಮಾಳ ತಾಯಿ ರಾಮಕ್ಕನನ್ನು.

"ಯಾಕಮ್ಮಾ ಹೇಳಲಿಲ್ಲ?"

"ಹೇಳಿದ್ರೆ ನೀವು ಫೋನ್ ಮಾಡ್ತಿದ್ರಾ? ಅಳಿಯ ಬೇರೆ ಮದುವೆ ಆದ. ಅವಳ ಹೆಸರು ಎತ್ತೋರೇ ಇಲ್ಲ. ವರ್ಷಕ್ಕೊಂದ್ಸಲ ನೀವು 'ಸುಮಾ ಅವರಾ' ಅಂತೀರಲ್ಲ... ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ ಕಣಮ್ಮಾ."

"ಮತ್ತೆ ಆ ಗಂಟು?"

ಸೆರಗು ಎಳೆದುಕೊಂಡರು. "ಅದು ನಂದು. ನೀವು ಕೇಳಿದ್ರಿ, ಬಾಯಿಗೆ ಬಂದುಬಿಡ್ತು."

ಅಳು ತಡೆಯಲಾಗಲಿಲ್ಲ ನನಗೆ. ಅವರು ಅಳಲಿಲ್ಲ, ನೀರು ತಂದುಕೊಟ್ಟರು.

ಫೆ. 18

"ಡೆತ್ ಎಂಟ್ರಿ ಮಾಡಿ, ನಂಬರ್ ತೆಗೀರಿ" ಅಂದ ಕಶ್ಯಪ್. ಅವನದೇನೂ ತಪ್ಪಿಲ್ಲ. ಸತ್ತವರನ್ನು ಬದುಕಿಸಿಟ್ಟುಕೊಂಡರೆ ನಮ್ಮ ಸ್ಟಡಿಯೇ ಸುಳ್ಳು. ತೆಗೆದೆ. ನಿದ್ದೆಯಲ್ಲೂ ಅದೇ ಧ್ವನಿ — ನಾನೇ ಮೇಡಂ, ನಾನೇ.

ರಾಮಕ್ಕನಿಗೆ ಅವರದೇ ಹೆಸರಲ್ಲಿ ಓಪಿಡಿ ಚೀಟಿ ಮಾಡಿಸಿದ್ದೇನೆ. ಸೋಮವಾರ ಬರ್ತೀನಿ ಅಂದಿದ್ದಾರೆ. ಬಂದರೆ ಸಾಕಪ್ಪಾ.

ಫೆ. 24, ಸೋಮವಾರ

ಬಂದರು. ಫೋಟೋದಲ್ಲಿ ಮಗಳು ಉಟ್ಟಿದ್ದ ಅದೇ ಹಸಿರು ಸೀರೆ.

"ರಾಮಕ್ಕ!" ನರ್ಸ್ ಕೂಗಿದಳು. ಏಳಲಿಲ್ಲ. ಮತ್ತೆ ಕೂಗಿದಳು. ಬ್ಯಾಗ್ ಅಪ್ಪಿಕೊಂಡು ಕೂತೇ ಇದ್ದರು.

"ಅಮ್ಮಾ, ನಿಮ್ಮನ್ನೇ ಕರೀತಿರೋದು."

"ನಾನು ಬಂದಿರೋದು ಸುಮಾ ಚೆಕಪ್‌ಗೆ. ಅವಳ ಹೆಸರು ಕರೀಲಿ, ಬರ್ತೀನಿ."

ಹಿಂದಿನವರು ಗೊಣಗಿದರು. ನರ್ಸ್ ಮುಂದಿನ ಚೀಟಿ ಕೈಗೆತ್ತಿಕೊಂಡಳು. ಇವತ್ತು ಎದ್ದು ಹೋದರೆ ಈ ಹೆಂಗಸು ಮತ್ತೆ ಬರುವವರಲ್ಲ. ನಾನೇ ತೆಗೆದುಹಾಕಿದ ಹೆಸರು ಅದು. ಎಲ್ಲರಿಗೂ ಕೇಳುವಂತೆ ಕರೆದೆ.

"ಸುಮಾ ಅವರಾ?"

"ನಾನೇ ಮೇಡಂ" ಅಂತ ಎದ್ದರು. ಕೈ ಹಿಡಿದುಕೊಂಡೆ. ತಣ್ಣಗಿತ್ತು. ಡಾಕ್ಟರ ರೂಮಿನೊಳಗೆ ಕರೆದುಕೊಂಡು ಹೋದೆ.