ತಂಗಿ ಬಿಟ್ಟ ಮುಖ

ಮಾರ್ಚ್ ೧೧, ಮಂಗಳವಾರ

ಹೊಟ್ಟೆ ಉರಿಯುತ್ತಿದೆ. ಉರಿಸಿದವಳು ಪಕ್ಕದ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ.

ಶೂಟಿಂಗ್‌ಗೆ ಮೊದಲು ದೃಶ್ಯಗಳನ್ನು ಚೌಕಚೌಕವಾಗಿ ಬರೆದಿಡುವ ಸ್ಟೋರಿಬೋರ್ಡ್ ತರಗತಿಗೆ ಮೊದಲು ಸೇರಿದವಳು ನಾನು. ಬೆನ್ನಿಗೇ ತಂಗಿಯೂ ಬಂದಳು. ಅವಳಿಗೆ ನೆಟ್ಟಗೆ ಒಂದು ಮೂಗು ಬರೆಯಲು ಬಾರದು. ನಮ್ಮ ಕಿರುಚಿತ್ರಕ್ಕೆ ಇಂದು ಎಲ್ಲರೂ ಒಂದೇ ದೃಶ್ಯ ಬರೆಯಬೇಕಿತ್ತು: ಬಟ್ಟೆ ಇಸ್ತ್ರಿ ಮಾಡುತ್ತಿರುವ ಹೆಂಗಸಿಗೆ ಗಂಡ ಸತ್ತ ಸುದ್ದಿ ಫೋನಿನಲ್ಲಿ ಬರುತ್ತದೆ. ನಾನು ಅವಳ ಮುಖವನ್ನು ಹತ್ತಿರದಿಂದ ಬರೆದೆ, ಕಣ್ಣೀರಿನ ಹೊಳಪಿನ ಸಮೇತ. ತಂಗಿಯದು ಕಡ್ಡಿಬೊಂಬೆಗಳು. ಕೊನೆಯ ಚೌಕದಲ್ಲಿ ಹೆಂಗಸೇ ಇಲ್ಲ. ಅಂಗಿಯ ಮೇಲೆ ಬಿಟ್ಟ ಇಸ್ತ್ರಿಪೆಟ್ಟಿಗೆ, ಅದರಡಿಯಿಂದ ಏಳುವ ಹೊಗೆ, ಅಷ್ಟೇ.

ತರಗತಿಯವರೆಲ್ಲ ಆ ಚೌಕ ನೋಡಲು ಮುಗಿಬಿದ್ದರು.

ಮೇಡಂ ನನ್ನ ಕಡೆ ತಿರುಗಿದರು. "ನಿನ್ನ ಕೈ ಚೆನ್ನಾಗಿದೆ. ಇವಳದ್ದನ್ನೇ ನೀಟಾಗಿ ಬರ್ಕೊಡು, ಶೂಟಿಂಗ್‌ಗೆ ಇದೇ ಇರ್ಲಿ."

"ಅಕ್ಕ ಇದ್ರೆ ನಂಗೇನು ಭಯ!" ಎಂದು ತಂಗಿ ಕುಣಿದಳು. ನಾನು ಹಲ್ಲು ಕಚ್ಚಿ ಹೂಂ ಅಂದೆ.

ಊಟವಾದ ಮೇಲೆ ಬರೆಯಲು ಕೂತೆ. ಬೇಕೆಂದೇ ಕೊನೆಯ ಚೌಕದ ಮೂಲೆಗೆ ಅಳುವ ಮುಖವೊಂದನ್ನು ಸೇರಿಸಿದೆ. ಚಿತ್ರದ ಜೀವವೇ ಹೋಯಿತು. ನೋಡಲಾಗದೆ ಅಳಿಸಿದೆ.

ತಂಗಿ ಹಿಂದಿನಿಂದ ಇಣುಕಿದಳು. "ಅಯ್ಯೋ, ಯಾಕೆ ಅಳಿಸ್ದೆ ಅಕ್ಕಾ? ಎಷ್ಟು ಚೆನ್ನಾಗಿತ್ತು! ನಂಗೆ ಮುಖ ಬರೆಯೋಕೆ ಬರಲ್ಲ ಅಂತಲೇ ಬಿಟ್ಟಿದ್ದು ಕಣೇ. ಮತ್ತೆ ಬರಿ, ಪ್ಲೀಸ್."

ಅವಳೇ ಕೇಳುತ್ತಿದ್ದಾಳೆ! ಬರೆದಿದ್ದರೆ ಅವಳ ಚಿತ್ರ ಕೆಡುತ್ತಿತ್ತು, ದೂರು ನನ್ನ ಮೇಲೆ ಬರುತ್ತಿರಲಿಲ್ಲ. ಪೆನ್ಸಿಲ್ ಎತ್ತಿದೆ ಕೂಡ.

"ಬೇಡ, ಹೀಗೇ ಇರ್ಲಿ," ಅಂದೆ.

ಯಾಕೆಂದು ಮಾತ್ರ ಹೇಳಲಿಲ್ಲ. ಹೇಳಿದರೆ ಮುಖ ಬಿಟ್ಟು ತಾನು ಎಂಥ ಒಳ್ಳೆ ಕೆಲಸ ಮಾಡಿದ್ದೇನೆಂದು ಅವಳಿಗೆ ಗೊತ್ತಾಗಿಬಿಡುತ್ತದೆ. ಅದನ್ನು ನನ್ನ ಬಾಯಿಂದಲೇ ಕೇಳುವ ಭಾಗ್ಯ ಅವಳಿಗೆ ಇವತ್ತೇ ಯಾಕೆ ಸಿಗಬೇಕು?